ಹಿಂದಿನ ಬೆಂಚಿನ ಮೇಷ್ಟ್ರು

ಬೆಂಚು ಗೇಟಿನಲ್ಲಿ ಸಿಕ್ಕಿಕೊಂಡಿತ್ತು. ಉದ್ದಕ್ಕೆ ತಂದರೆ ಮೆಟ್ಟಿಲು ತಡೆಯುತ್ತಿತ್ತು, ಅಡ್ಡಕ್ಕೆ ತಿರುಗಿಸಿದರೆ ಗೋಡೆ. ಇಬ್ಬರು ಹುಡುಗರು ಆಚೆಯಿಂದ ಎಡಕ್ಕೆ ನೂಕುತ್ತಿದ್ದರು, ಪಕ್ಕದ ಮನೆಯವರು ಈಚೆಯಿಂದ ಬಲಕ್ಕೆ ಎಳೆಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ತೀರಿಕೊಂಡ ಮೇಷ್ಟ್ರ ಮಗಳು ಬಾಗಿಲಿಗೆ ಬಂದು ನೋಡಿದಳು. ಆ ಬೆಂಚಿನ ಹಿಂದೆ ಇನ್ನೊಂದು ಬೆಂಚು, ಅದರ ಹಿಂದೆ ಮತ್ತೊಂದು, ಅವುಗಳ ಹಿಂದೆ ಸಮವಸ್ತ್ರ ತೊಟ್ಟ ಒಂದು ಇಡೀ ತರಗತಿ ಬೀದಿಯಲ್ಲಿ ಸಾಲಾಗಿ ನಿಂತಿತ್ತು. ಸಾವಿನ ಮನೆಗೆ ಶಾಲೆ ಏಕೆ ಬಂದಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಸಾಲಿನ ಮುಂದಿದ್ದ ದೊಡ್ಡ ಟೀಚರು, ಅಂದರೆ ಶಾಲೆಯ ಮುಖ್ಯಸ್ಥೆ, ಅವಳು ಗೇಟಿನ ಬಳಿ ಬಂದಾಗ ಬೆಂಚಿನ ಮೇಲಿಂದಲೇ ಕೈಚಾಚಿ ಅವಳ ಕೈ ಹಿಡಿದುಕೊಂಡು ವಿವರಿಸಿದರು. ಪರೀಕ್ಷೆ ಮುಗಿದಿದೆ, ಬೇಸಿಗೆ ರಜೆ ಇನ್ನೂ ಶುರುವಾಗಿಲ್ಲ. ಇವತ್ತು ರಜೆ ಕೊಟ್ಟರೆ ಮೇಲಿನವರು ಕೇಳುತ್ತಾರೆ, ಕೊಡದಿದ್ದರೆ ಶಾಲೆಯಲ್ಲಿ ಮಾಡಿಸುವುದಕ್ಕೆ ಏನೂ ಇಲ್ಲ. ಎಂಟನೇ ತರಗತಿ ಮೇಷ್ಟ್ರ ಕೈಯಲ್ಲೇ ಇತ್ತು. ಅವರೇ ಇಲ್ಲದ ಮೇಲೆ ಅದನ್ನು ಎಲ್ಲಿ ಕೂರಿಸುವುದು? ಹೇಗೂ ಬಂದವರಿಗೆ ಕೂರಲು ಏನಾದರೂ ಬೇಕಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯ. ಹೇಳಿ ಮುಗಿಸಿದ ಮೇಲೆ ದೊಡ್ಡ ಟೀಚರಿಗೇ ತಾವು ಮಾಡಿದ್ದು ಸರಿಯೋ ತಪ್ಪೋ ಎಂಬ ಅನುಮಾನ ಬಂತು. "ತಪ್ಪು ತಿಳ್ಕೋಬೇಡಿ" ಎಂದರು.

ಮಗಳು ತಲೆಯಾಡಿಸಿದಳು. ಏನು ತಿಳಿದುಕೊಳ್ಳಬೇಕು ಎಂದೇ ಗೊತ್ತಿಲ್ಲದವಳು ತಪ್ಪು ತಿಳಿದುಕೊಳ್ಳುವುದಾದರೂ ಹೇಗೆ? ಕಾಲು ಮಡಿಸುವ ಬೆಂಚಲ್ಲ, ತಲೆಕೆಳಗು ಮಾಡಿ ಗೇಟಿನ ಮೇಲಿಂದ ಎತ್ತಿ ದಾಟಿಸಿ ಎಂದು ಯಾರೋ ಹೇಳಿದರು. ಬೆಂಚುಗಳು ಒಂದೊಂದಾಗಿ ಅಂಗಳಕ್ಕೆ ಬಂದವು, ಮಕ್ಕಳು ಅಭ್ಯಾಸಬಲದಿಂದ ತಂತಮ್ಮ ಜಾಗದಲ್ಲೇ ಕುಳಿತರು, ಬಂದ ದೊಡ್ಡವರು ನಿಂತೇ ಇದ್ದರು.

ಒಳಗೆ ಮುಂದಿನ ಕೋಣೆಯಲ್ಲಿ ಮೇಷ್ಟ್ರು ಮಲಗಿದ್ದರು. ಭೂಗೋಳ ಕಲಿಸುತ್ತಿದ್ದುದರಿಂದ ಮೂವತ್ತು ವರ್ಷ 'ಭೂಪಟ ಮೇಷ್ಟ್ರು' ಎಂದೇ ಹೆಸರಾದವರು. ನಿನ್ನೆ ಬೆಳಿಗ್ಗೆ ಶಾಲೆಗೆ ಹೊರಟು, ಬೂಟಿನ ಲಾಡಿ ಕಟ್ಟಲು ಬಗ್ಗಿದವರು ಮತ್ತೆ ಮೇಲೇಳಲಿಲ್ಲ. ಮಗಳು ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಳು. ಬರುವುದು ವರ್ಷಕ್ಕೊಮ್ಮೆ, ಬಂದರೂ ಅಮ್ಮನ ಹತ್ತಿರವೇ ಮಾತು. ಅಪ್ಪ ಮಗಳ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. ಸುದ್ದಿ ಕೇಳಿ ಬಸ್ಸು ಹತ್ತಿದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂದು ಹೆದರಿಕೆ ಮಾತ್ರ ಆಗುತ್ತಿತ್ತು.

ಅಷ್ಟರಲ್ಲಿ ಹೆಣ ಒಯ್ಯುವ ವ್ಯಾನಿನ ಚಾಲಕ ಬಂದು ಗೊಣಗಿದ. ಈ ಓಣಿಯೊಳಗೆ ಗಾಡಿ ಹಿಂದಕ್ಕೆ ತೆಗೆಯುವುದಕ್ಕೆ ಯಾರೂ ದಾರಿ ತೋರಿಸುವವರಿಲ್ಲ. ಮೊದಲು ಬಸ್ಸು ಓಡಿಸುತ್ತಿದ್ದವನಂತೆ. ಹಿಂದಿನಿಂದ ಕಂಡಕ್ಟರು ಹೇಳದೆ ಸ್ಟಿಯರಿಂಗು ತಿರುಗಿಸಿ ರೂಢಿಯಿಲ್ಲವಂತೆ. ಆಮೇಲೆ ಯಾರೋ ದಾರಿ ತೋರಿಸಿರಬೇಕು, ವ್ಯಾನು ಬಾಗಿಲಿಗೆ ಬಂದು ನಿಂತಿತು.

ಹತ್ತು ಗಂಟೆಯ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಬರತೊಡಗಿದರು. ಮೊದಲು ಬಂದವನು ಪೇಟೆಯ ದರ್ಜಿ, ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಮೇಷ್ಟ್ರ ಕಾಲಬಳಿ ನಿಂತು ಗಳಗಳ ಅತ್ತ. ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿ, "ಇಂಥ ದಡ್ಡ ಶಿಷ್ಯ ನನಗೆ ಇನ್ನು ಸಿಗಲ್ಲಮ್ಮ" ಎಂದ.

ಎರಡನೆಯವಳು ಆಸ್ಪತ್ರೆಯ ನರ್ಸು. ಅವಳೂ ಮೊದಲು ಅತ್ತಳು, ಆಮೇಲೆ ನಕ್ಕಳು. "ಮಗುವಿಗೆ ಸ್ನಾನ ಮಾಡಿಸೋದನ್ನ ಮೇಷ್ಟ್ರಿಗೆ ಕಲಿಸಿದ್ದೆ. ಒಂದು ಕುಂಬಳಕಾಯಿಗೆ ಬಟ್ಟೆ ಸುತ್ತಿಕೊಂಡು ಹೋಗಿದ್ದೆ. ಒಂದೇ ಪೀರಿಯಡ್ಡಿನಲ್ಲಿ ಮೂರು ಸಲ ಮಗೂನ ಬೀಳಿಸಿದ್ರು!" ದರ್ಜಿಯೂ ನಕ್ಕ. ಗುಂಡಿ ಹೊಲಿಯುವುದನ್ನು ಅವನು ಕಲಿಸಲು ಹೋದರೆ ಮೇಷ್ಟ್ರು ಗುಂಡಿಯನ್ನೂ ಅಂಗಿಯನ್ನೂ ತಮ್ಮ ಪ್ಯಾಂಟನ್ನೂ ಸೇರಿಸಿ ಒಟ್ಟಿಗೆ ಹೊಲಿದುಬಿಟ್ಟಿದ್ದರಂತೆ. ಎದ್ದು ನಿಂತಾಗ ಅಂಗಿ ತೊಡೆಗೆ ಅಂಟಿಕೊಂಡೇ ಎದ್ದಿತಂತೆ. ಬೆಂಚಿನ ಮೇಲಿನ ಮಕ್ಕಳು ಕಿಸಕ್ಕೆಂದರು, ದೊಡ್ಡ ಟೀಚರು ತಿರುಗಿ ನೋಡಿದರು.

"ನೀನೂ ಎಂಟನೇ ಕ್ಲಾಸಿನಲ್ಲಿ ಅವರ ಹತ್ರಾನೇ ಇದ್ಯಲ್ಲ" ಎಂದು ನರ್ಸು ಮಗಳನ್ನು ಕೇಳಿದಳು. "ನೀನೇನು ಕಲಿಸಿದ್ದೆ?"

ಮಗಳು ನೆನಪಿಲ್ಲ ಎಂದಳು. ಅವಳಿಗೆ ಚೆನ್ನಾಗಿಯೇ ನೆನಪಿತ್ತು.

*

ಪರೀಕ್ಷೆ ಮುಗಿದು ರಜೆ ಶುರುವಾಗುವವರೆಗಿನ ಆ ಕೆಲವು ವಾರಗಳು ಯಾವ ಶಾಲೆಗೂ ಬೇಡದ ಕೂಸು. ಪಾಠ ಮುಗಿದಿರುತ್ತದೆ, ಹಾಜರಿ ಮುಗಿದಿರುವುದಿಲ್ಲ. ಶಿಕ್ಷಕರು ಕೋಣೆಯ ಬಾಗಿಲು ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಾರೆ. ಮಕ್ಕಳು ಕಿಟಕಿ ಒರೆಸುತ್ತಾರೆ, ಬೆಂಚಿನ ಮೇಲೆ ವರ್ಷವಿಡೀ ತಾವೇ ಕೊರೆದ ಹೆಸರುಗಳನ್ನು ತಾವೇ ಮರಳು ಕಾಗದದಿಂದ ಉಜ್ಜುತ್ತಾರೆ, ಹೊರಗೆ ಬಿಟ್ಟರೆ ಗದ್ದಲ, ಒಳಗೆ ಕೂಡಿದರೆ ಹೊಡೆದಾಟ. ಇಂಥ ಒಂದು ವರ್ಷ ಭೂಪಟ ಮೇಷ್ಟ್ರು ಎಂಟನೇ ತರಗತಿಯನ್ನು ನನಗೆ ಬಿಡಿ ಎಂದು ಕೇಳಿದರು. ಕೇಳಿದ್ದೇ ತಡ, ಎಲ್ಲರೂ ಸಂತೋಷದಿಂದ ಬಿಟ್ಟರು.

ಅವರು ಮಾಡಿದ್ದು ಇಷ್ಟೇ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. "ಪರೀಕ್ಷೆ ಮುಗೀತು. ಇನ್ನು ಕಲಿಯೋಣ" ಎಂದರು. ಪ್ರತಿಯೊಬ್ಬರೂ ತಮಗೆ ಬರುವ ಒಂದು ಕೆಲಸವನ್ನು ಮೇಷ್ಟ್ರಿಗೆ ಕಲಿಸಬೇಕು, ಪುಸ್ತಕದಲ್ಲಿರುವುದು ಬೇಡ. ಮೇಷ್ಟ್ರಿಗೆ ಬರುವವರೆಗೂ ಪಾಳಿ ಮುಗಿಯುವುದಿಲ್ಲ. ಆಮೇಲೆ ಅದು ಪ್ರತಿವರ್ಷದ ಪದ್ಧತಿಯೇ ಆಯಿತು.

ಮೇಷ್ಟ್ರಿಗೆ ಬರುತ್ತಿರಲಿಲ್ಲ, ತಮಾಷೆ ಇದ್ದದ್ದೇ ಅಲ್ಲಿ. ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕಲು ಹೋಗಿ ಬೆರಳಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಜಡೆ ಹೆಣೆಯಲು ಹೋಗಿ ಇಬ್ಬರು ಹುಡುಗಿಯರನ್ನು ಒಂದೇ ಜಡೆಯಲ್ಲಿ ಕಟ್ಟಿಹಾಕಿದ್ದರು. ವರ್ಷವಿಡೀ ಬಾಯಿ ಬಿಡದ ಮಕ್ಕಳು ಅವರ ಕಿವಿ ಹಿಂಡುವಷ್ಟು ಹತ್ತಿರ ಬಂದು "ಹಾಗಲ್ಲ ಸಾರ್, ಹೀಗೆ" ಎನ್ನುತ್ತಿದ್ದರು. ಎಲ್ಲರಿಗಿಂತ ಕಡಿಮೆ ಅಂಕ ತೆಗೆದ ಹುಡುಗನಿಗೆ ಮೂರು ದಿನದ ಪಾಳಿ ಸಿಕ್ಕರೆ ಅವನು ಮನೆಗೆ ಎದೆಯುಬ್ಬಿಸಿಕೊಂಡು ಹೋಗುತ್ತಿದ್ದ. ಮೇಷ್ಟ್ರು ಹೆಚ್ಚು ಹೊತ್ತು ದಡ್ಡರಾದಷ್ಟೂ ಕಲಿಸಿದವನ ಮರ್ಯಾದೆ ಹೆಚ್ಚು ಎಂದು ಮಕ್ಕಳ ಲೆಕ್ಕ.

ಮಗಳು ಎಂಟನೇ ತರಗತಿಗೆ ಬಂದ ವರ್ಷ ಮೊದಲೇ ನಿಶ್ಚಯ ಮಾಡಿಕೊಂಡಿದ್ದಳು. ಮೂರು ಚೆಂಡುಗಳನ್ನು ಒಂದರ ಹಿಂದೊಂದು ಹಾರಿಸಿ ಹಿಡಿಯುವ ಆಟವನ್ನು ಸೋದರಮಾವ ಅವಳಿಗೆ ಕಲಿಸಿದ್ದ. ಅಪ್ಪನ ಕೈ ಅವಳಿಗೆ ಗೊತ್ತಿರಲಿಲ್ಲವೇ? ಲೋಟ ಹಿಡಿದರೆ ಲೋಟ ಬೀಳುತ್ತಿತ್ತು. ಅಪ್ಪ ಚೆಂಡು ಬೀಳಿಸುತ್ತಾರೆ, ಬೆಂಚಿನಡಿ ತೆವಳುತ್ತಾರೆ, ಇಡೀ ತರಗತಿ ಬಿದ್ದು ಬಿದ್ದು ನಗುತ್ತದೆ, ನಾನು ಸೊಂಟದ ಮೇಲೆ ಕೈಯಿಟ್ಟು "ಹಾಗಲ್ಲ, ಹೀಗೆ" ಎನ್ನುತ್ತೇನೆ. ನಾಲ್ಕು ದಿನವಾದರೂ ಪಾಳಿ ಮುಗಿಯಬಾರದು. ಅವಳು ದಿನಾ ಸಂಜೆ ಅಂಗಳದಲ್ಲಿ ಅಭ್ಯಾಸ ಮಾಡಿದಳು.

ಅವಳ ಪಾಳಿ ಬಂತು. ಮೂರು ಚೆಂಡು ಹಾರಿಸಿ ತೋರಿಸಿ ಅಪ್ಪನ ಕೈಗೆ ಕೊಟ್ಟಳು. ಮಕ್ಕಳು ನಗುವುದಕ್ಕೆ ಬಾಯಿ ತೆರೆದುಕೊಂಡೇ ಕೂತಿದ್ದರು.

ಮೇಷ್ಟ್ರು ಎದ್ದು ನಿಂತು ಮೊದಲನೇ ಸಲಕ್ಕೇ ಹಿಡಿದುಬಿಟ್ಟರು. ಒಂದು ಚೆಂಡೂ ಬೀಳಲಿಲ್ಲ. ತುಟಿ ಬಿಗಿಹಿಡಿದು, ಕಣ್ಣು ಮೇಲೆ ನೆಟ್ಟು, ಹಾರಿಸುತ್ತಲೇ ಇದ್ದರು. ಆಮೇಲೆ ಮೂರನ್ನೂ ಅವಳ ಕೈಗೆ ವಾಪಸು ಕೊಟ್ಟು, ಚೆನ್ನಾಗಿ ಕಲಿಸಿದೆ ಎಂದು ಹೇಳಿ ಮುಂದಿನವರನ್ನು ಕರೆದರು. ಯಾರೂ ನಗಲಿಲ್ಲ. ಅವಳು ಹೋಗಿ ತನ್ನ ಜಾಗದಲ್ಲಿ ಕುಳಿತಳು, ಪೀರಿಯಡ್ಡು ಆಗಷ್ಟೇ ಶುರುವಾದಂತಿತ್ತು.

ಆ ದಿನ ಊಟಕ್ಕೆ ಕೂತಾಗ ಅಪ್ಪ, "ಹೇಗಿತ್ತು?" ಎಂದು ಕೇಳಿದರು.

"ಹೇಗಿರೋದೇನು, ಮುಗೀತಲ್ಲ" ಎಂದು ಅವಳು ಎದ್ದು ಹೋದಳು.

ಊರಿನವರ ಮಕ್ಕಳಿಗೆಲ್ಲ ದಿನಗಟ್ಟಲೆ ದಡ್ಡರಾದವರು ನನಗೋಸ್ಕರ ಒಂದು ಗಳಿಗೆ ದಡ್ಡರಾಗಲಿಲ್ಲ. ಅವಳು ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದರೆ ಕೇಳಿದವರು ನಗುವಷ್ಟು ಚಿಕ್ಕ ಸಂಗತಿ ಅದು. ಆದರೆ ಕಾಲಿಗೆ ಚುಚ್ಚಿದ ಮುಳ್ಳು ಚಿಕ್ಕದಾದಷ್ಟೂ ತೆಗೆಯುವುದು ಕಷ್ಟ. ಏಕೆ ಹಾಗೆ ಮಾಡಿದಿರಿ ಎಂದು ಒಂದಲ್ಲ ಒಂದು ದಿನ ಕೇಳಬೇಕು ಎಂದುಕೊಂಡೇ ಅವಳು ದೊಡ್ಡವಳಾದಳು, ಊರು ಬಿಟ್ಟಳು, ಅಂಗಡಿ ಇಟ್ಟಳು. ಈಗ ಕೇಳಬೇಕಾದವರು ಮುಂದಿನ ಕೋಣೆಯಲ್ಲಿ ಮಲಗಿದ್ದರು.

*

ಅಂಗಳದಲ್ಲಿ ಒಂದು ವಾದ ಹುಟ್ಟಿಕೊಂಡಿತ್ತು. ಮೇಷ್ಟ್ರು ನಿಜವಾಗಿ ದಡ್ಡರಾಗಿದ್ದರೋ, ನಟಿಸುತ್ತಿದ್ದರೋ? ನಾಟಕವೇ ಎಂದು ದರ್ಜಿ ಹೇಳಿದ. ಪ್ರಪಂಚದ ನದಿಗಳನ್ನೆಲ್ಲ ಕಣ್ಣುಮುಚ್ಚಿ ಬರೆಯುವವರಿಗೆ ಒಂದು ಗುಂಡಿ ಹಾಕಲು ಬರುವುದಿಲ್ಲವೇ? ನಮಗೆ ಧೈರ್ಯ ಬರಲಿ ಅಂತ ಹಾಗೆ ಮಾಡುತ್ತಿದ್ದರು. ನರ್ಸು ಒಪ್ಪಲಿಲ್ಲ. ಕುಂಬಳಕಾಯಿ ಕೈಜಾರಿದಾಗ ಅವರ ಮುಖ ಬಿಳುಪೇರಿದ್ದನ್ನು ತಾನು ಹತ್ತಿರದಿಂದ ನೋಡಿದ್ದೇನೆ, ಅಂಥ ಮುಖವನ್ನು ಬೇಕೆಂದು ಮಾಡಲಾಗುವುದಿಲ್ಲ ಎಂದಳು.

ಮಗಳು ಇಬ್ಬರ ಮುಖವನ್ನೂ ನೋಡಿದಳು. ನಾಟಕವೇ ಆಗಿದ್ದರೆ ತನಗಾಗಿ ಆ ನಾಟಕ ಮಾಡಲಿಲ್ಲವಲ್ಲ ಎಂದು ನೋವು. ನಾಟಕವಲ್ಲವಾದರೆ ಆ ಮೂರು ಚೆಂಡು ಹೇಗೆ ನಿಂತವು? ಯಾವುದನ್ನು ನಂಬಿದರೂ ಇನ್ನೊಂದು ಕೂಡಿಬರುತ್ತಿರಲಿಲ್ಲ. ಯಾರೋ ಬೇರೆಯವರ ಅಪ್ಪನ ಸಾವಿಗೆ ಬಂದಿದ್ದೇನೇನೋ ಎನ್ನಿಸಿ ಅವಳು ಒಳಗೆ ಹೋಗಿ ಮತ್ತೊಮ್ಮೆ ಮುಖ ನೋಡಿ ಬಂದಳು. ಅವರೇ.

ಶಾಲೆಯಲ್ಲಿ ಗಂಟೆ ಬಾರಿಸಿ ಮುದುಕನಾದ ಗಂಟೆಯಪ್ಪ ಮೂಲೆಯ ಬೆಂಚಿನಲ್ಲಿ ಮಕ್ಕಳ ಮಧ್ಯೆ ಕೂತಿದ್ದ. ವಾದ ಕೇಳಿ ಕೇಳಿ ಅವನಿಗೆ ಬೇಸರ ಬಂದಿರಬೇಕು. "ನಾಟಕಾನೂ ಇಲ್ಲ, ಗೀಟಕಾನೂ ಇಲ್ಲ" ಎಂದ. "ಆ ಮನುಷ್ಯನ ಕೈಗೆ ಏನೂ ಬರ್ತಿರಲಿಲ್ಲ. ಬೀಗ ಹಾಕೋಕೂ ನನ್ನನ್ನೇ ಕರೀತಿದ್ರು. ಒಂದೇ ಒಂದು ಕೆಲಸ ಕಲಿತ್ರು ಜನ್ಮದಲ್ಲಿ, ಅದೂ ನನ್ನ ಪ್ರಾಣ ತಿಂದು."

ಮಗಳು ಯಾವ ಕೆಲಸ ಎಂದು ಕೇಳಿದಳು.

"ನಿನ್ನದೇ ಕಣಮ್ಮ, ಚೆಂಡಿಂದು."

ಗಂಟೆಯಪ್ಪ ಹೇಳಿದ್ದು ಇದು. ಆ ವರ್ಷ ಪರೀಕ್ಷೆಗೂ ಮುಂಚಿನಿಂದ ಮೇಷ್ಟ್ರು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಉಗ್ರಾಣದ ಬೀಗ ತೆಗೆಸುತ್ತಿದ್ದರು. ಅಲ್ಲಿ ವ್ಯಾಯಾಮದ ಹಳೇ ಚಾಪೆಗಳಿದ್ದವು, ಬಿದ್ದರೆ ಸದ್ದಾಗುತ್ತಿರಲಿಲ್ಲ. ಚೀಲದಿಂದ ಮೂರು ನಿಂಬೆಹಣ್ಣು ತೆಗೆದು ಹಾರಿಸುವುದು, ಬೀಳಿಸುವುದು, ಹೆಕ್ಕುವುದು. ಮಗಳು ಅಂಗಳದಲ್ಲಿ ಆಡುವುದನ್ನು ಕಿಟಕಿಯಿಂದ ಕದ್ದು ನೋಡಿಕೊಂಡು ಬಂದು ಇಲ್ಲಿ ಮಾಡುತ್ತಿದ್ದರು. ತಿಂಗಳು ಕಳೆದರೂ ಬರಲಿಲ್ಲ. ಯಾಕೆ ಸಾರ್ ಈ ಕಷ್ಟ, ಎಲ್ಲರ ಹತ್ತಿರವೂ ಬೀಳಿಸುತ್ತೀರಿ, ಇಲ್ಲೂ ಬೀಳಿಸಿ ಎಂದು ಗಂಟೆಯಪ್ಪ ಹೇಳಿದ್ದನಂತೆ.

"ಅದಕ್ಕೆ ಅವರು ಏನಂದ್ರು ಗೊತ್ತಾ?" ಗಂಟೆಯಪ್ಪ ಮಗಳ ಕಡೆ ನೋಡಿದ. "ಬೇರೆ ಮಕ್ಕಳಿಗೆ ನಾನು ಮೇಷ್ಟ್ರು, ನಕ್ಕರೆ ನಗಲಿ. ಇವಳಿಗೆ ನಾನು ಅಪ್ಪ. ಅಪ್ಪ ದಡ್ಡ ಅಂತ ಕ್ಲಾಸೆಲ್ಲ ನಕ್ಕರೆ ಮಗು ತಲೆ ಎತ್ಕೊಂಡು ಹೇಗೆ ಓಡಾಡುತ್ತೆ? ಎಂಥಾ ಟೀಚರು, ಒಂದೇ ಸಲಕ್ಕೆ ಕಲಿಸಿಬಿಟ್ಟಳು ಅಂತ ಹೇಳ್ಬೇಕು ಎಲ್ಲರೂ. ಅಂದ್ರು."

ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ತಾಯಿ ಮೆಲ್ಲಗೆ ಬಾಯಿ ತೆರೆದರು. "ನಿಂಬೆಹಣ್ಣು" ಎಂದರು. ಆ ವರ್ಷ ಮನೆಯಲ್ಲಿದ್ದ ನಿಂಬೆಹಣ್ಣೆಲ್ಲ ಮೆತ್ತಗಾಗಿ ಸಿಪ್ಪೆ ಒಡೆದಿರುತ್ತಿದ್ದವು. ಕೊಳೆತದ್ದು ಕೊಡುತ್ತೀಯಾ ಎಂದು ಅವರು ಹಣ್ಣಿನವಳೊಂದಿಗೆ ಜಗಳವಾಡಿ, ಅಂಗಡಿ ಬದಲಾಯಿಸಿ, ಆ ಇನ್ನೊಬ್ಬಳೊಂದಿಗೂ ಮಾತು ಬಿಟ್ಟಿದ್ದರು. ಅಷ್ಟೂ ದಿನ ಗಂಡ ಪಕ್ಕದಲ್ಲೇ ಕೂತು, ಹೌದೌದು, ಈಗಿನ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಎಂದು ತಲೆಯಾಡಿಸುತ್ತಿದ್ದರಂತೆ.

ತಾಯಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಮಗಳಿಗೆ ಎರಡೂ ಬರಲಿಲ್ಲ. ಅವಳು ಹೋಗಿ ಖಾಲಿಯಿದ್ದ ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಹೇಗಿತ್ತು ಎಂದು ಕೇಳಿದ ಆ ಮುಖ ಕಣ್ಣಮುಂದೆ ಬಂತು. ಹೊಗಳಿಕೆಗೆ ಕಾದಿದ್ದ ಮುಖ. ಇಷ್ಟು ವರ್ಷ ಹಿಡಿದುಕೊಂಡಿದ್ದ ಕೋಪವನ್ನು ಈಗ ಎಲ್ಲಿ ಇಡುವುದು ಎಂದು ಅವಳಿಗೆ ಗೊತ್ತಾಗಲಿಲ್ಲ. ಇಬ್ಬರೂ ಅವಳ ಮರ್ಯಾದೆಯನ್ನೇ ಬಯಸಿ, ಇಬ್ಬರೂ ಸೋತಿದ್ದರು. ಮೇಷ್ಟ್ರು ಎನ್ನಿಸಿಕೊಂಡವರಿಗೆ ಮಕ್ಕಳ ಲೆಕ್ಕ ತಿಳಿದಿರಲಿಲ್ಲವೇ ಎಂದು ಸಿಟ್ಟೂ ಬಂತು. ಹೆಣದ ಮೇಲೆ ಸಿಟ್ಟು ಮಾಡಿಕೊಳ್ಳಬಹುದೋ ಬಾರದೋ ಎಂಬ ಗೊಂದಲ ಬೇರೆ.

*

ಹೊರಡುವ ಹೊತ್ತಾಯಿತು. ಮೇಷ್ಟ್ರನ್ನು ವ್ಯಾನಿಗೆ ಏರಿಸಿದರು, ತಾಯಿ ಮುಂದೆ ಚಾಲಕನ ಪಕ್ಕ ಕೂತರು. ಮಿಕ್ಕವರು ಹಿಂದೆ ನಡೆಯುವುದು ಎಂದಾಯಿತು. ತರಗತಿಯ ಮಕ್ಕಳೂ ಹಿಂದೆ ನಡೆಯಬೇಕೋ ಶಾಲೆಗೆ ಮರಳಬೇಕೋ ಎಂದು ದೊಡ್ಡ ಟೀಚರಿಗೆ ಮತ್ತೆ ಅನುಮಾನ ಶುರುವಾಯಿತು. ಅವರು ತೀರ್ಮಾನಿಸುವಷ್ಟರಲ್ಲಿ ಸಾಲು ತಾನಾಗಿಯೇ ವ್ಯಾನಿನ ಹಿಂದೆ ಹೊರಟಿತ್ತು.

ಸಾಲು ಬಿಟ್ಟು ಒಬ್ಬ ಹುಡುಗಿ ಮಗಳ ಪಕ್ಕಕ್ಕೆ ಬಂದಳು.

"ಅಕ್ಕಾ, ನಿನ್ನೆಯಿಂದ ನನ್ನ ಪಾಳಿ. ಈಗ ಯಾರಿಗೆ ಕಲಿಸ್ಲಿ?"

ಮಗಳು ಏನು ಕಲಿಸಬೇಕೆಂದಿದ್ದೆ ಎಂದು ಕೇಳಿದಳು. ಸಿಳ್ಳೆ, ಎಂದಳು ಹುಡುಗಿ ತಲೆ ತಗ್ಗಿಸಿ. ಅವಳ ಅಪ್ಪ ಬಸ್ಸಿನ ಕಂಡಕ್ಟರು. ಎರಡು ಬೆರಳು ಬಾಯಿಗಿಟ್ಟು ಊದಿದರೆ ಬೀದಿಯ ಕೊನೆಗೆ ಕೇಳಬೇಕು. ಒಂದು ಊದಿದರೆ ಗಾಡಿ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬೆಳಿಗ್ಗೆ ಓಣಿಯಲ್ಲಿ ವ್ಯಾನು ಹಿಂದಕ್ಕೆ ತೆಗೆಸಿದ್ದೂ ತಾನೇ ಎಂದಳು. ದೊಡ್ಡ ಟೀಚರು ಸಾವಿನ ಮನೆಯಲ್ಲಿ ಇದೆಲ್ಲ ಸಲ್ಲದು ಎಂದು ಬೈದಿದ್ದರಂತೆ.

"ನನಗೆ ಕಲಿಸು" ಎಂದಳು ಮಗಳು.

ಹುಡುಗಿ ಅವಳ ಮುಖ ನೋಡಿದಳು, ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಟೀಚರಾದಳು. ಬೆರಳು ಹೀಗೆ, ತುಟಿ ಒಳಕ್ಕೆ, ನಾಲಿಗೆಯ ತುದಿ ಹಿಂದಕ್ಕೆ ಮಡಚಿ. ಮಗಳು ಊದಿದಳು. ಗಾಳಿ ಬಂತು, ಜೊತೆಗೆ ಉಗುಳು. ಮತ್ತೆ ಊದಿದಳು, ಮತ್ತೆ ಗಾಳಿ. ಅಪ್ಪನ ಕೈ ತನಗೆ ಬಾಯಿಯಾಗಿ ಬಂದಿದೆಯೇನೋ ಎನ್ನಿಸಿತು. ಹುಡುಗಿಗೆ ಒಳಗೊಳಗೇ ಖುಷಿಯಾಗತೊಡಗಿದ್ದು ಅವಳಿಗೆ ಕಾಣುತ್ತಿತ್ತು. ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಬಿದ್ದು ಸುತ್ತ ಸೇರಿಕೊಂಡರು.

"ಹಾಗಲ್ಲ ಅಕ್ಕಾ, ಹೀಗೆ."

ವ್ಯಾನು ಶಾಲೆಯ ಮುಂದೆ ಹಾದುಹೋಯಿತು. ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಚಿಕ್ಕ ತರಗತಿಯ ಮಕ್ಕಳು ಕಿಟಕಿ ಒರೆಸುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ನೋಡಿದರು. ಗೇಟು ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಅಗಲವಾಯಿತು. ಚಾಲಕ ವೇಗ ಸ್ವಲ್ಪ ಹೆಚ್ಚಿಸಿದ, ನಡೆಯುವವರಿಗೂ ವ್ಯಾನಿಗೂ ನಡುವೆ ಅಂತರ ಬೆಳೆಯತೊಡಗಿತು. ಮಗಳು ಬೆರಳನ್ನು ಇನ್ನಷ್ಟು ಒಳಗಿಟ್ಟು, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಊದಿದಳು.

ಸಿಳ್ಳೆ ಬಂತು. ಒಂದೇ ಒಂದು, ಉದ್ದವಾಗಿ, ಬೀದಿಯ ಆ ಕೊನೆಯವರೆಗೂ.

ವ್ಯಾನು ನಿಂತಿತು.

ಹಿಂದಿನ ಎರಡು ಕೆಂಪು ದೀಪಗಳು ಹೊತ್ತಿಕೊಂಡವು. ದೊಡ್ಡ ಟೀಚರು ಗಾಬರಿಯಿಂದ ತಿರುಗಿದರು, ದರ್ಜಿ ನಿಂತ, ನರ್ಸು ನಿಂತಳು. ತಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಚಾಲಕ ಏಕೆ ಎಂದು ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು ಕಾಯತೊಡಗಿದ.

"ಅಕ್ಕಾ" ಎಂದು ಹುಡುಗಿ ಪಿಸುಗುಟ್ಟಿದಳು. "ಈಗ ಎರಡು ಊದ್ಬೇಕು. ಇಲ್ಲಾಂದ್ರೆ ಅವರು ಹೋಗಲ್ಲ."

ಮಗಳ ಬೆರಳುಗಳು ಬಾಯಲ್ಲೇ ಇದ್ದವು. ಕೆನ್ನೆಯ ಮೇಲಿಂದ ನೀರು ಇಳಿದು ಬೆರಳು ಒದ್ದೆಯಾಗಿ ಜಾರುತ್ತಿದ್ದವು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದರು. ರಸ್ತೆಯ ನಡುವೆ ವ್ಯಾನು ಗುರುಗುಟ್ಟುತ್ತಾ ನಿಂತೇ ಇತ್ತು.